"ನಾಳೆಗೆ ರೂಮ್ ಇದ್ಯಾ?": ಹೋಮ್‌ಸ್ಟೇ ನಡೆಸುವವರು ಎನ್‌ಕ್ವೈರಿಗೆ ಉತ್ತರಿಸುವುದು ಹೇಗೆ

ಶುಕ್ರವಾರ ಸಂಜೆ ಏಳೂವರೆ. ಒಲೆಯ ಮೇಲೆ ಸಾರು ಕುದಿಯುತ್ತಿದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬರುತ್ತದೆ. "ನಾಳೆಗೆ ರೂಮ್ ಇದ್ಯಾ ಮೇಡಂ? ತಲೆಗೆ ಎಷ್ಟು?"

ಮೂಡಿಗೆರೆ ಕಡೆ ಕಾಫಿ ತೋಟದ ನಡುವೆ ನಮ್ಮ ಮನೆ. ಮೂರು ಕೋಣೆ ಅತಿಥಿಗಳಿಗೆ ಕೊಡುತ್ತೇವೆ. ಮೊದಲ ವರ್ಷ ನಾನು ಈ ಪ್ರಶ್ನೆಗೆ ಎರಡೇ ಮಾತಿನ ಉತ್ತರ ಕೊಡುತ್ತಿದ್ದೆ. "ಇದೆ. ಇಷ್ಟು." ಅಲ್ಲಿಗೆ ಬುಕಿಂಗ್ ಮುಗೀತು ಅಂದುಕೊಳ್ಳುತ್ತಿದ್ದೆ. ಮರುದಿನ ನಾಲ್ಕು ಜನ ಎಂದಿದ್ದ ಕಡೆ ಏಳು ಜನ ಇಳಿಯುತ್ತಿದ್ದರು. ಡಿಕ್ಕಿಯಿಂದ ಸೊಂಟದೆತ್ತರದ ಸ್ಪೀಕರ್ ಇಳಿಯುತ್ತಿತ್ತು. "ಸ್ವಿಮ್ಮಿಂಗ್ ಪೂಲ್ ಎಲ್ಲಿ ಆಂಟಿ?" ಎಂದು ಮಕ್ಕಳು ಕೇಳುತ್ತಿದ್ದರು. ನನಗೆ ಬಂದವರ ಮೇಲೆ ಸಿಟ್ಟು. ತಪ್ಪು ಹೆಚ್ಚಾಗಿ ನನ್ನದೇ ಎಂದು ಗೊತ್ತಾಗಲು ಒಂದು ಮಳೆಗಾಲ ಬೇಕಾಯಿತು. ನಾನು ಏನನ್ನೂ ಕೇಳಿರಲಿಲ್ಲ, ಏನನ್ನೂ ಹೇಳಿರಲಿಲ್ಲ. ಫೋನಿನಲ್ಲಿ ಆಡದೆ ಬಿಟ್ಟ ಮಾತು ಗೇಟಿನ ಹತ್ತಿರ ಜಗಳವಾಗಿ ನಿಂತಿರುತ್ತದೆ.

ಹಾಗಾಗಿ ಈಗ ನನ್ನ ಕ್ರಮ ಇಷ್ಟೇ. ಅಡ್ವಾನ್ಸ್ ಬರುವ ಮೊದಲೇ ಅವರ ಬಗ್ಗೆ ನನಗೆ ಬೇಕಾದದ್ದನ್ನು ಕೇಳುತ್ತೇನೆ. ನಮ್ಮ ಮನೆಯಲ್ಲಿ ಅವರಿಗೆ ಇಷ್ಟವಾಗದೆ ಹೋಗಬಹುದಾದದ್ದನ್ನು ನಾನೇ ಹೇಳಿಬಿಡುತ್ತೇನೆ. ಇದನ್ನು ಮಾಡುವ ಬಗೆಯನ್ನು ಒಂದೊಂದಾಗಿ ಬರೆಯುತ್ತೇನೆ.

ಫೋನ್ ಎತ್ತುವ ಮೊದಲು: ಡೈರಿ ಒಂದೇ ಇರಲಿ

ಒಂದೇ ಕೋಣೆಯನ್ನು ನಾವು ಎಷ್ಟು ಕಡೆ ಮಾರುತ್ತೇವೆ ನೋಡಿ. ಏರ್‌ಬಿಎನ್‌ಬಿ, ಬುಕಿಂಗ್ ಡಾಟ್ ಕಾಮ್, ಮೇಕ್‌ಮೈಟ್ರಿಪ್, ವಾಟ್ಸಾಪ್, ಫೋನ್. ಇದರ ಮೇಲೆ "ನಮ್ಮಲ್ಲಿ ಫುಲ್ ಆಗಿದೆ, ನಿಮ್ಮಲ್ಲಿಗೆ ಕಳಿಸ್ಲಾ?" ಎನ್ನುವ ಪಕ್ಕದ ತೋಟದವರು. ಇಷ್ಟೂ ಕಡೆಯ ಬುಕಿಂಗ್ ಒಂದೇ ಜಾಗದಲ್ಲಿ ಬರೆಯದಿದ್ದರೆ ಡಬಲ್ ಬುಕಿಂಗ್ ಆಗಿಯೇ ಆಗುತ್ತದೆ.

ನಮ್ಮಲ್ಲಿ ಆಗಿದ್ದು ಒಂದು ದಸರಾ ರಜೆಯಲ್ಲಿ. ನಾನು ವಾಟ್ಸಾಪ್‌ನಲ್ಲಿ ಬೆಂಗಳೂರಿನ ಕುಟುಂಬವೊಂದಕ್ಕೆ ಹೂಂ ಅಂದಿದ್ದೆ. ನಮ್ಮ ಯಜಮಾನರು ಅದೇ ದಿನಕ್ಕೆ ಪೇಟೆಯಲ್ಲಿ ಸಿಕ್ಕ ಪರಿಚಯದವರಿಗೆ "ಬನ್ನಿ ಬನ್ನಿ" ಅಂದಿದ್ದರು. ಎರಡು ಕಾರು ಹತ್ತು ನಿಮಿಷದ ಅಂತರದಲ್ಲಿ ಬಂದವು. ಒಂದು ಕುಟುಂಬವನ್ನು ಬೇರೆ ಹೋಮ್‌ಸ್ಟೇಗೆ ಕಳಿಸಿ, ಅಲ್ಲಿನ ಹೆಚ್ಚಿನ ದರವನ್ನು ನಾವೇ ಕೊಟ್ಟೆವು. ಅಂದಿನಿಂದ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಒಂದೇ ನಮ್ಮ ಡೈರಿ. ಅದನ್ನು ನೋಡದೆ ಯಾರೂ ಹೂಂ ಅನ್ನುವಂತಿಲ್ಲ. ಯಜಮಾನರೂ ಅಷ್ಟೇ.

ಆ್ಯಪ್‌ಗಳ ಕ್ಯಾಲೆಂಡರನ್ನು ಒಂದಕ್ಕೊಂದು ಜೋಡಿಸುವ ವ್ಯವಸ್ಥೆ ಇದೆ, ಜೋಡಿಸಿಕೊಳ್ಳಿ. ಆದರೆ ಅದು ತಕ್ಷಣ ಬದಲಾಗುವುದಿಲ್ಲ. ಒಂದು ಕಡೆ ಭರ್ತಿಯಾದದ್ದು ಇನ್ನೊಂದು ಕಡೆ ಕಾಣಲು ಕೆಲವೊಮ್ಮೆ ಗಂಟೆಗಟ್ಟಲೆ ಆಗುತ್ತದೆ. ಲಾಂಗ್ ವೀಕೆಂಡ್‌ನಲ್ಲಿ ಅಷ್ಟು ಹೊತ್ತು ಸಾಕು, ಎಡವಟ್ಟಾಗಲು. ಫೋನಿನಲ್ಲಿ ಬುಕಿಂಗ್ ಆದ ಕೂಡಲೇ ಬೇರೆ ಎಲ್ಲ ಕಡೆ ಕೈಯಾರೆ ಆ ದಿನ ಮುಚ್ಚಿಬಿಡಿ.

ಬಂದದ್ದು ಪ್ರಶ್ನೆಯೋ, ರಿಕ್ವೆಸ್ಟೋ?

ಹೊಸಬರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಏರ್‌ಬಿಎನ್‌ಬಿಯಲ್ಲಿ ಬರುವುದರಲ್ಲಿ ಮೂರು ಬಗೆ. ಒಂದು, ಸುಮ್ನೆ ಕೇಳುವುದು. ಅವರು ಇನ್ನೂ ದುಡ್ಡು ಕೊಡಲು ಸಿದ್ಧವಾಗಿಲ್ಲ. ಎರಡನೆಯದು ಬುಕಿಂಗ್ ರಿಕ್ವೆಸ್ಟ್. ಅವರು ತೀರ್ಮಾನ ಮಾಡಿದ್ದಾರೆ, ನಿಮ್ಮ ಒಪ್ಪಿಗೆಗೆ ಕಾಯುತ್ತಿದ್ದಾರೆ. ಇದಕ್ಕೆ 24 ಗಂಟೆಯೊಳಗೆ ಒಪ್ಪಬೇಕು ಅಥವಾ ಬೇಡ ಅನ್ನಬೇಕು. ಇಲ್ಲದಿದ್ದರೆ ರಿಕ್ವೆಸ್ಟ್ ತಾನೇ ಬಿದ್ದುಹೋಗುತ್ತದೆ. ಮೂರನೆಯದು ಇನ್‌ಸ್ಟಂಟ್ ಬುಕ್. ಅದರಲ್ಲಿ ನಿಮ್ಮನ್ನು ಕೇಳುವುದೇ ಇಲ್ಲ, ನೇರ ಬುಕ್ ಆಗುತ್ತದೆ. ಬುಕಿಂಗ್ ಡಾಟ್ ಕಾಮ್‌ನಂಥ ಕಡೆಯೂ ಬಹುಮಟ್ಟಿಗೆ ಹೀಗೆಯೇ. ಕ್ಯಾಲೆಂಡರ್ ತೆರೆದಿಟ್ಟಿದ್ದೀರಿ ಎಂದರೆ ಮಾರಿದ ಹಾಗೆ.

ಸುಮ್ನೆ ಕೇಳಿದವರಿಗೆ ನೀವು "ಪ್ರೀ ಅಪ್ರೂವ್" ಮಾಡಬಹುದು. ಅಂದರೆ "ನನ್ನ ಕಡೆಯಿಂದ ಸರಿ, ಬುಕ್ ಮಾಡಿ" ಎಂದ ಹಾಗೆ. ಅವರಿಗೆ ಬುಕ್ ಮಾಡಲು 24 ಗಂಟೆ ಇರುತ್ತದೆ. ಆದರೆ ಅಷ್ಟು ಹೊತ್ತು ಕೋಣೆ ಅವರಿಗಾಗಿ ಮೀಸಲಾಗಿರುವುದಿಲ್ಲ. ನಡುವೆ ಬೇರೆಯವರು ಬುಕ್ ಮಾಡಿದರೆ ಅವರದ್ದೇ. ಇದನ್ನು ಅತಿಥಿಗೆ ಒಂದು ಸಾಲಿನಲ್ಲಿ ಹೇಳಿಬಿಡಿ, ಆಮೇಲೆ ಮಾತು ಬರುವುದಿಲ್ಲ.

ಬೇಡ ಎಂದರೂ ಉತ್ತರ ಉತ್ತರವೇ. ಚೆನ್ನಾಗಿ ನಡೆಸುವವರಿಗೆ ಏರ್‌ಬಿಎನ್‌ಬಿ ಕೊಡುವ ಬಿರುದು ಸೂಪರ್‌ಹೋಸ್ಟ್. ಅದಾಗಲು ಬೇಕಾದ ಹಲವು ಷರತ್ತುಗಳಲ್ಲಿ 90% ಉತ್ತರದ ಪ್ರಮಾಣವೂ ಒಂದು. ಅವರು ಎಣಿಸುವುದು 24 ಗಂಟೆಯೊಳಗೆ ಉತ್ತರ ಕೊಟ್ಟಿರಾ ಇಲ್ಲವಾ ಎಂಬುದನ್ನು. ಹಾಗಾಗಿ ಒಪ್ಪಲು ಮನಸ್ಸಿಲ್ಲ ಎಂದು ಮೆಸೇಜನ್ನು ಹಾಗೇ ಬಿಡಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಒಟ್ಟಿಗೆ ಹೋಗುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೈಸೂರಿನಲ್ಲಿರುವ ನನ್ನ ಮಗಳ ಫೋನಿನಲ್ಲೂ ಆ್ಯಪ್ ತೆರೆದಿಟ್ಟಿರುತ್ತೇನೆ. ನಾನು ಸಿಗದಿದ್ದರೆ ಅವಳು ಉತ್ತರಿಸುತ್ತಾಳೆ. ಕ್ಯಾಲೆಂಡರಿನ ಫೋಟೋ ಅವಳ ಹತ್ತಿರವೂ ಇರುತ್ತದೆ.

ಮೊದಲ ಉತ್ತರ: ದರ ಹೇಳುವ ಮೊದಲು ನಾಲ್ಕು ಪ್ರಶ್ನೆ

ಬೇಗ ಉತ್ತರಿಸಿ. ಒಬ್ಬ ಅತಿಥಿ ಒಂದೇ ಸಲಕ್ಕೆ ನಾಲ್ಕೈದು ಕಡೆ ಮೆಸೇಜ್ ಹಾಕಿರುತ್ತಾರೆ. ಮೊದಲು ಸರಿಯಾಗಿ ಮಾತಾಡಿದವರ ಕಡೆ ಮನಸ್ಸು ವಾಲುತ್ತದೆ. ಆದರೆ ಬೇಗ ಎಂದರೆ ಬರೀ ರೇಟ್ ಕಾರ್ಡ್ ಫೋಟೋ ಎಸೆಯುವುದಲ್ಲ. ಅದು ನನಗೆ ಹಿಡಿಸದ ಅಭ್ಯಾಸ. ಮನೆಗೆ ಬರುತ್ತೇನೆ ಎಂದವರಿಗೆ ಬಾಗಿಲ ಸಂದಿಯಿಂದ ಚೀಟಿ ತೂರಿಸಿದ ಹಾಗಿರುತ್ತದೆ.

ನಾನು ಕೇಳುವುದು ನಾಲ್ಕು. ಯಾವ ತಾರೀಖು, ಎಷ್ಟು ರಾತ್ರಿ? ದೊಡ್ಡವರು ಎಷ್ಟು, ಮಕ್ಕಳು ಎಷ್ಟು, ಮಕ್ಕಳ ವಯಸ್ಸೆಷ್ಟು? ಹೇಗೆ ಬರುತ್ತೀರಿ, ಡ್ರೈವರ್ ಇದ್ದಾರಾ? ಎಷ್ಟು ಹೊತ್ತಿಗೆ ತಲುಪುತ್ತೀರಿ?

ಮೂರನೆಯ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ, ಆದರೆ ಅದರಲ್ಲಿ ಎರಡು ವಿಷಯ ಅಡಗಿದೆ. ಡ್ರೈವರ್‌ಗೆ ಮಲಗಲು ಜಾಗ, ಊಟ ಯಾರು ಕೊಡಬೇಕು ಎಂಬುದನ್ನು ಯಾರೂ ಮೊದಲೇ ಮಾತಾಡುವುದಿಲ್ಲ. ರಾತ್ರಿ ಒಂಬತ್ತಕ್ಕೆ ಆ ಮನುಷ್ಯ ಕಾರಿನಲ್ಲೇ ಕುಳಿತಿರುವುದನ್ನು ನೋಡಿದಾಗ ನೆನಪಾಗುತ್ತದೆ. ನಮ್ಮಲ್ಲಿ ಡ್ರೈವರ್‌ಗೆ ಹಾಸಿಗೆ, ಸ್ನಾನದ ವ್ಯವಸ್ಥೆ ಇದೆ. ಊಟಕ್ಕೆ ಇಷ್ಟು ಎಂದು ಮೊದಲೇ ಹೇಳುತ್ತೇನೆ. ಇನ್ನೊಂದು, ಕಾರಿನ ಬಗೆ. ಮುಖ್ಯರಸ್ತೆಯಿಂದ ನಮ್ಮ ಮನೆಗೆ ಎರಡು ಕಿಲೋಮೀಟರ್ ಮಣ್ಣುದಾರಿ. ತಗ್ಗಿನ ಕಾರಾದರೆ ಮಳೆಗಾಲದಲ್ಲಿ ಅಡಿ ತಾಗುತ್ತದೆ. ಅಂಥವರಿಗೆ ಕಾರನ್ನು ರಸ್ತೆ ಬದಿಯ ಪರಿಚಯದ ಮನೆಯಲ್ಲಿ ನಿಲ್ಲಿಸಿ, ಅಲ್ಲಿಂದ ನಮ್ಮ ಜೀಪಿನಲ್ಲಿ ಬರುವಂತೆ ಹೇಳುತ್ತೇನೆ.

ತಲುಪುವ ಹೊತ್ತು ಕೇಳುವುದಕ್ಕೂ ಕಾರಣ ಇದೆ. ಮೂಡಿಗೆರೆ, ಆಲೂರು, ಸಕಲೇಶಪುರ ಕಡೆ ಕಾಡಾನೆಗಳ ಓಡಾಟ ಇದೆ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಹೊಸಬರು ಅಲೆಯುವುದು ಒಳ್ಳೆಯದಲ್ಲ. ಸಂಜೆ ಆರರೊಳಗೆ ಬನ್ನಿ ಎಂದು ಬುಕಿಂಗ್ ಮಾಡುವಾಗಲೇ ಹೇಳುತ್ತೇನೆ. ರಾತ್ರಿ ಹನ್ನೊಂದಕ್ಕೇ ಬರುವುದು ಎನ್ನುವವರಿಗೆ, ಆ ರಾತ್ರಿ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಉಳಿದು ಬೆಳಿಗ್ಗೆ ತಿಂಡಿಗೆ ಬನ್ನಿ ಎನ್ನುತ್ತೇನೆ. ಒಂದು ರಾತ್ರಿಯ ದುಡ್ಡು ಹೋಗುತ್ತದೆ ನಿಜ.

ಪದೇ ಪದೇ ಇದನ್ನೇ ಟೈಪ್ ಮಾಡಲು ಬೇಜಾರಲ್ವಾ? ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಸಿದ್ಧ ಉತ್ತರಗಳನ್ನು ಇಟ್ಟುಕೊಳ್ಳಬಹುದು. ನಾನು ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಇಟ್ಟಿದ್ದೇನೆ. ಕಳಿಸುವ ಮುಂಚೆ ಅವರ ಹೆಸರು ಸೇರಿಸಿ, ಅವರು ಕೇಳಿದ ಪ್ರಶ್ನೆಗೆ ಒಂದು ಸಾಲು ಬರೆಯುತ್ತೇನೆ. ಅದಿಲ್ಲದಿದ್ದರೆ ಮಷೀನ್ ಉತ್ತರ ಎಂದು ಗೊತ್ತಾಗಿಬಿಡುತ್ತದೆ.

ಇಲ್ಲದ್ದನ್ನು ಮೊದಲೇ ಹೇಳಿ

ಇದು ನನ್ನ ಪ್ರಕಾರ ಇಡೀ ಕೆಲಸದ ತಿರುಳು. ಫೋಟೋದಲ್ಲಿ ಮಂಜು ಚೆನ್ನಾಗಿ ಕಾಣುತ್ತದೆ. ಜಿಗಣೆ ಕಾಣುವುದಿಲ್ಲ.

ಉತ್ತರ ಬಂದ ಮೇಲೆ, ದರದ ಜೊತೆಗೇ ನಾನು ಕಳಿಸುವ ಮೆಸೇಜ್ ಹೀಗಿರುತ್ತದೆ:

"ನಮಸ್ಕಾರ. ನೀವು ಹೇಳಿದ ದಿನ ಎರಡು ಕೋಣೆ ಇವೆ. ದೊಡ್ಡವರಿಗೆ ತಲೆಗೆ 2200 ರೂಪಾಯಿ. ಸಂಜೆ ಕಾಫಿ, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿದೆ. 5 ವರ್ಷದೊಳಗಿನ ಮಕ್ಕಳಿಗೆ ದುಡ್ಡಿಲ್ಲ. ಕೆಲವು ವಿಷಯ ಮೊದಲೇ ಹೇಳುತ್ತೇನೆ. ನಮ್ಮಲ್ಲಿ ಪೂಲ್ ಇಲ್ಲ, ಟಿವಿ ಇಲ್ಲ, ಎಸಿ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಯುಪಿಎಸ್‌ನಲ್ಲಿ ಲೈಟು ಮತ್ತು ಫೋನ್ ಚಾರ್ಜಿಂಗ್ ಮಾತ್ರ. ತೋಟದಲ್ಲಿ ಜಿಗಣೆ ಇರುತ್ತದೆ. ನೆಟ್‌ವರ್ಕ್ ಜಗಲಿಯಲ್ಲಿ ಮಾತ್ರ ಸಿಗುತ್ತದೆ. ಕೋಣೆಗೆ ಹತ್ತು ಮೆಟ್ಟಿಲಿದೆ. ನಾವೂ ಇದೇ ಮನೆಯಲ್ಲಿ ಇರುತ್ತೇವೆ. ಇದೆಲ್ಲ ಸರಿಹೋಗುತ್ತದೆ ಎಂದರೆ ತಿಳಿಸಿ."

ಇದನ್ನು ಓದಿ ಹಿಂದೆ ಸರಿಯುವವರು ಇದ್ದಾರೆ. ಸರಿಯಲಿ. ಪೂಲ್ ಬೇಕಾದವರು ಪೂಲ್ ಇರುವ ಕಡೆ ಹೋಗಿ ಸಂತೋಷವಾಗಿರುತ್ತಾರೆ, ನಮಗೂ ಎರಡು ಸ್ಟಾರಿನ ರಿವ್ಯೂ ತಪ್ಪುತ್ತದೆ. ಒಬ್ಬರು ಈ ಮೆಸೇಜ್ ಓದಿ, "ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಕಷ್ಟ" ಎಂದರು. ಕೆಳಗೆ ನಾವು ಮಲಗುವ ಕೋಣೆಯನ್ನೇ ಅವರಿಗೆ ಬಿಟ್ಟುಕೊಟ್ಟು ನಾವು ಮೇಲೆ ಮಲಗಿದೆವು. ಮೆಟ್ಟಿಲಿನ ವಿಷಯ ಮೊದಲು ಹೇಳದಿದ್ದರೆ ಆ ಅಜ್ಜಿ ಕಾರಿನಿಂದ ಇಳಿದು ಮೆಟ್ಟಿಲು ನೋಡಿ ನಿಂತುಬಿಡುತ್ತಿದ್ದರು.

ಊಟದ ಮಾತೂ ಇಲ್ಲೇ ಆಗಲಿ. ಸಸ್ಯಾಹಾರವೋ ಮಾಂಸಾಹಾರವೋ ಎಂದಷ್ಟೇ ಕೇಳಿದರೆ ಸಾಲದು. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಇದ್ದಾರೆ. ಜೈನರು ಗೆಡ್ಡೆ ತಿನ್ನುವುದಿಲ್ಲ. ಶನಿವಾರ ಮಾಂಸ ಮುಟ್ಟದವರು ಬೇರೆ. ಕೋಳಿಸಾರು, ಅಕ್ಕಿರೊಟ್ಟಿ, ಕಡುಬು ನಮ್ಮ ಮನೆಯ ಹೆಗ್ಗಳಿಕೆ. ಆದರೆ ಬಂದವರಲ್ಲಿ ಅರ್ಧ ಜನ ತಿನ್ನದ ಊಟದಿಂದ ಹೆಗ್ಗಳಿಕೆ ಎಲ್ಲಿ ಬಂತು?

ಸ್ಪೀಕರ್ ತರುವವರಿಗೆ ಒಂದು ಸಾಲು ಖಡಕ್ಕಾಗಿ ಇರಲಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. "ನಮ್ಮ ಮನೆ ರೂಲ್ಸ್" ಎಂದಾಗ ಚೌಕಾಸಿ ಮಾಡುವವರು ಕಾನೂನು ಎಂದಾಗ ಸುಮ್ಮನಾಗುತ್ತಾರೆ.

ಸುತ್ತಾಟದ ವಿಷಯವನ್ನೂ ಮರೆಯಬೇಡಿ. ಕುದುರೆಮುಖ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ಪಡೆಯಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಇದು ಗೊತ್ತಿಲ್ಲದೆ ಬಂದು, "ನೀವು ವ್ಯವಸ್ಥೆ ಮಾಡ್ತೀರಿ ಅಂದ್ಕೊಂಡ್ವಿ" ಎನ್ನುವವರು ಪ್ರತಿ ತಿಂಗಳೂ ಸಿಗುತ್ತಾರೆ. ಅನುಮತಿ ಸಿಕ್ಕಿದ ಮೇಲೆ ನಮ್ಮಲ್ಲಿ ಬುಕ್ ಮಾಡಿ ಎಂದು ನಾನೇ ಹೇಳುತ್ತೇನೆ.

"ಲಾಸ್ಟ್ ಎಷ್ಟು?"

ಈ ಪ್ರಶ್ನೆ ಬಂದೇ ಬರುತ್ತದೆ, ಬೇಸರ ಬೇಡ. ಕೇಳುವುದು ನಮ್ಮ ಜನರ ಅಭ್ಯಾಸ, ಸಂತೆಯಲ್ಲಿ ನಾವೂ ಕೇಳುತ್ತೇವೆ. ನಾನು ಶನಿವಾರದ ದರ ಇಳಿಸುವುದಿಲ್ಲ. ಒಬ್ಬರಿಗೆ ಇಳಿಸಿದ ದರ ಅವರ ಆಫೀಸಿಗೆಲ್ಲ ಗೊತ್ತಾಗುತ್ತದೆ. ಬದಲಿಗೆ ದಿನ ಬದಲಿಸಲು ಹೇಳುತ್ತೇನೆ. "ಮಂಗಳವಾರ ಬುಧವಾರ ಬಂದರೆ 1700ಕ್ಕೆ ಕೊಡುತ್ತೇನೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಆಗಿ ಒಂದು ವಾರಕ್ಕೆ ಬಂದರೆ ತೋಟವೆಲ್ಲ ಕಾಫಿ ಹೂವಿನಿಂದ ಬೆಳ್ಳಗಿರುತ್ತದೆ." ವಾರದ ನಡುವೆ ಖಾಲಿ ಇರುವ ಕೋಣೆ ತುಂಬುತ್ತದೆ. ಏರ್‌ಬಿಎನ್‌ಬಿಯಲ್ಲಿ ಕೇಳಿದವರಿಗೆ ಅಲ್ಲೇ "ಸ್ಪೆಷಲ್ ಆಫರ್" ಕಳಿಸಬಹುದು. ಆ್ಯಪ್‌ನಲ್ಲಿ ಸಿಕ್ಕವರನ್ನು "ಹೊರಗೆ ದುಡ್ಡು ಹಾಕಿ, ಕಮ್ಮಿ ಮಾಡ್ತೀನಿ" ಎಂದು ಕರೆಯಬೇಡಿ. ಅದು ಅವರ ನಿಯಮಕ್ಕೆ ವಿರುದ್ಧ, ನಿಮ್ಮ ಖಾತೆಯನ್ನೇ ಮುಚ್ಚಬಹುದು.

ಬೇಡ ಅನ್ನುವುದು

ಎಲ್ಲರಿಗೂ ಹೂಂ ಅನ್ನಬೇಕಿಲ್ಲ. ಮೂರು ಕೋಣೆಗೆ 14 ಜನ ಬರುತ್ತೇವೆ ಎಂದರೆ, ಎಷ್ಟು ಜನ ಎಂದು ಮೂರು ಸಲ ಕೇಳಿದರೂ ಹೇಳದಿದ್ದರೆ, ಐಡಿ ಕೊಡುವುದಿಲ್ಲ ಎಂದರೆ ನಾನು ಬೇಡ ಅನ್ನುತ್ತೇನೆ. ಕಾರಣವನ್ನು ನಿಜವಾಗಿಯೇ ಹೇಳುತ್ತೇನೆ. "ನಮ್ಮಲ್ಲಿ ಎಂಟು ಜನರಿಗೆ ಮಾತ್ರ ಜಾಗ. ನಿಮ್ಮ ಗುಂಪಿಗೆ ಸಾಲುವುದಿಲ್ಲ." "ರೂಮ್ ಇಲ್ಲ" ಎಂಬ ಸುಳ್ಳು ಬೇಡ. ಅವರ ಗೆಳೆಯನೊಬ್ಬ ಐದು ನಿಮಿಷದಲ್ಲಿ ಅದೇ ದಿನಕ್ಕೆ ಆ್ಯಪ್‌ನಲ್ಲಿ ನೋಡುತ್ತಾನೆ, ಕೋಣೆ ತೆರೆದೇ ಇರುತ್ತದೆ.

ಜಾತಿ, ಧರ್ಮ, ಊರು, ಭಾಷೆ ನೋಡಿ ಬೇಡ ಅನ್ನುವುದು ತಪ್ಪು. ದೊಡ್ಡ ಆ್ಯಪ್‌ಗಳಲ್ಲಿ ಅದಕ್ಕೆ ಖಾತೆಯೂ ಹೋಗಬಹುದು. ಮದುವೆಯಾಗದ ಜೋಡಿಯ ವಿಷಯದಲ್ಲಿ ನಮ್ಮ ಕಡೆ ಜಾಸ್ತಿ ತಕರಾರು. ವಯಸ್ಕರಿಬ್ಬರು ಒಂದು ಕೋಣೆಯಲ್ಲಿ ಉಳಿಯುವುದನ್ನು ತಡೆಯುವ ಕಾನೂನು ಇಲ್ಲ, 2019ರಲ್ಲಿ ಮದ್ರಾಸ್ ಹೈಕೋರ್ಟ್ ಕೂಡ ಹೀಗೇ ಹೇಳಿತು. ನಮ್ಮ ಅತ್ತೆ ಮೊದಮೊದಲು ಮುಖ ಗಂಟು ಹಾಕಿಕೊಳ್ಳುತ್ತಿದ್ದರು, ಈಗ ಅವರೇ ಕಾಫಿ ಕೊಡುತ್ತಾರೆ. ನಿಮ್ಮ ಮನೆಯ ನಿಯಮ ಬೇರೆ ಇದ್ದರೆ ಅದನ್ನು ಲಿಸ್ಟಿಂಗ್‌ನಲ್ಲೇ ಬರೆಯಿರಿ. ಇನ್ನೂರೈವತ್ತು ಕಿಲೋಮೀಟರ್ ಬಂದವರನ್ನು ಗೇಟಿನಿಂದ ವಾಪಸ್ ಕಳಿಸುವುದು ಮಾತ್ರ ಬೇಡ.

ಅಡ್ವಾನ್ಸ್, ಮತ್ತು ಮೋಸ

ಫೋನ್ ಬುಕಿಂಗ್‌ಗೆ ಅಡ್ವಾನ್ಸ್ ಇಲ್ಲದೆ ಕೋಣೆ ಹಿಡಿದಿಡಬೇಡಿ. ನಾನು ಅರ್ಧ ತೆಗೆದುಕೊಳ್ಳುತ್ತೇನೆ. "ಇವತ್ತು ಸಂಜೆ 6ರವರೆಗೆ ನಿಮಗೆ ಇಟ್ಟಿರುತ್ತೇನೆ" ಎಂದು ಗಡಿ ಹಾಕುತ್ತೇನೆ. ಆರಕ್ಕೆ ಒಂದು ಮೆಸೇಜ್, ಆಮೇಲೆ ಮುಂದಿನವರಿಗೆ. ರದ್ದು ಮಾಡಿದರೆ ಎಷ್ಟು ವಾಪಸ್ ಎಂಬುದನ್ನು ದುಡ್ಡು ಕೇಳುವ ಅದೇ ಮೆಸೇಜಿನಲ್ಲಿ ಬರೆಯಿರಿ. ನಮ್ಮದು ಏಳು ದಿನ ಮುಂಚೆ ಹೇಳಿದರೆ ಪೂರ್ತಿ, ಆಮೇಲೆ ಇಲ್ಲ. ದಾರಿ ಕುಸಿದು ಬರಲಾಗದಿದ್ದರೆ ಪೂರ್ತಿ ವಾಪಸ್ ಅಥವಾ ಬೇರೆ ದಿನ. ಮಲೆನಾಡಿನಲ್ಲಿ ಇದ್ದುಕೊಂಡು ಮಳೆಯ ವಿಷಯದಲ್ಲಿ ಕಟುವಾಗಿರಲು ಆಗುವುದಿಲ್ಲ.

ಈಗ ಮೋಸದ ಮಾತು. ಇದನ್ನು ಸ್ವಲ್ಪ ಗಮನವಿಟ್ಟು ಓದಿ.

ಒಬ್ಬ ಫೋನ್ ಮಾಡುತ್ತಾನೆ. ತಾನು ಸೇನೆಯಲ್ಲಿ ಅಧಿಕಾರಿ ಎನ್ನುತ್ತಾನೆ. ಹತ್ತು ಜನರಿಗೆ ಮೂರು ದಿನ ಬೇಕು, ಚೌಕಾಸಿಯೇ ಇಲ್ಲ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ ತಾನಾಗಿಯೇ ಕಳಿಸುತ್ತಾನೆ. ಆಮೇಲೆ, "ನಮ್ಮ ದುಡ್ಡು ಬರುವ ಕ್ರಮ ಬೇರೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಅಡ್ವಾನ್ಸ್ ನಿಮಗೆ ಬರುತ್ತದೆ" ಎನ್ನುತ್ತಾನೆ. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಹೋಗುವುದು ನಿಮ್ಮ ಖಾತೆಯಿಂದ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಹಾಕುವ ಅಗತ್ಯ ಎಂದೂ ಇರುವುದಿಲ್ಲ. ಇದೊಂದನ್ನು ಮನೆಯ ಎಲ್ಲರಿಗೂ ಹೇಳಿಕೊಡಿ, ಫೋನ್ ಎತ್ತುವ ಅಜ್ಜನಿಗೂ.

ಇನ್ನೊಂದು ಆಟ: "ಐದು ಸಾವಿರದ ಬದಲು ಐವತ್ತು ಸಾವಿರ ಹಾಕಿಬಿಟ್ಟೆ, ಉಳಿದದ್ದು ತಕ್ಷಣ ವಾಪಸ್ ಹಾಕಿ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ." ಜೊತೆಗೆ ಸ್ಕ್ರೀನ್‌ಶಾಟ್, ಬ್ಯಾಂಕಿನದ್ದೇ ಎಂಬಂತೆ ಕಾಣುವ ಎಸ್‌ಎಂಎಸ್. ಎರಡನ್ನೂ ನಂಬಬೇಡಿ. ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ಅಲ್ಲಿ ಬಂದಿದ್ದರೆ ಮಾತ್ರ ಬಂದಿದೆ. ದುಡ್ಡು ಹೋಗಿಯೇ ಬಿಟ್ಟರೆ ನಾಚಿಕೊಂಡು ಕೂರದೆ ಆಗಲೇ 1930ಕ್ಕೆ ಫೋನ್ ಮಾಡಿ. ಇದು ದೇಶದ ಸೈಬರ್ ವಂಚನೆ ಸಹಾಯವಾಣಿ. ಎಷ್ಟು ಬೇಗ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ನಮ್ಮ ಜಿಲ್ಲೆಯವರಿಗೆ ಈ ನಂಬರ್ ನೆನಪಿಡುವುದು ಸುಲಭ. ಮುಳ್ಳಯ್ಯನಗಿರಿಯ ಎತ್ತರವನ್ನೂ 1930 ಮೀಟರ್ ಎಂದೇ ಹೆಚ್ಚಿನವರು ಹೇಳುತ್ತಾರೆ.

ಐಡಿ

ಬರುವ ದೊಡ್ಡವರೆಲ್ಲರ ಐಡಿ ಬೇಕು ಎಂದು ಬುಕಿಂಗ್ ಹೊತ್ತಿಗೇ ಹೇಳಿ. ಆಧಾರ್ ಕೊಡುವವರಿಗೆ ಮಾಸ್ಕ್ಡ್ ಆಧಾರ್ ಸಾಕು ಎನ್ನಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಅತಿಥಿಗಳ ಐಡಿ ಫೋಟೋಗಳು ನಿಮ್ಮ ಫೋನಿನ ಗ್ಯಾಲರಿಯಲ್ಲಿ ಮದುವೆ ಫೋಟೋಗಳ ನಡುವೆ ಬಿದ್ದಿರುವುದು ಒಳ್ಳೆಯದಲ್ಲ. ರಿಜಿಸ್ಟರಿಗೆ ಬೇಕಾದದ್ದು ಬರೆದುಕೊಂಡು ಅಳಿಸಿ.

ವಿದೇಶದ ಪ್ರಜೆ ಬಂದರೆ ಅವರ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಸಲ್ಲಿಸಬೇಕು. ನಾವೆಲ್ಲ ಸಿ ಫಾರ್ಮ್ ಎಂದು ಕರೆಯುವುದು ಇದನ್ನೇ. ಇದಕ್ಕೆ ನಿಮ್ಮ ಹೋಮ್‌ಸ್ಟೇ ಹೆಸರಿನಲ್ಲಿ ಖಾತೆ ಬೇಕು, ಅದು ಅವತ್ತಿಂದವತ್ತಿಗೆ ಆಗುವ ಕೆಲಸ ಅಲ್ಲ. ಹಾಗಾಗಿ ವಿದೇಶಿಯರಿಗೆ ಹೂಂ ಅನ್ನುವ ಮೊದಲೇ ಮಾಡಿಸಿಟ್ಟುಕೊಳ್ಳಿ. ಪಾಸ್‌ಪೋರ್ಟ್, ವೀಸಾ ವಿವರ ಬುಕಿಂಗ್ ಆದ ಮೇಲೆ, ಬರುವ ಮುನ್ನ ತರಿಸಿಕೊಂಡರೆ ಸಲೀಸು.

ಹಿಂದಿನ ದಿನದ ಮೆಸೇಜ್

ದುಡ್ಡು ಬಂದ ಮೇಲೆ ಬಹಳ ಜನ ಅತಿಥಿಯನ್ನು ಮರೆತುಬಿಡುತ್ತಾರೆ. ಹಿಂದಿನ ಸಂಜೆ ಒಂದು ಮೆಸೇಜ್ ಹಾಕಿ. ಲೊಕೇಶನ್ ಕಳಿಸಿ, ಜೊತೆಗೆ ದಾರಿಯನ್ನು ಮಾತಿನಲ್ಲೂ ಬರೆಯಿರಿ. ಮ್ಯಾಪ್ ನಂಬಿ ನಮ್ಮ ಮನೆಗೆ ಹೊರಟವರು ಕೆರೆ ಏರಿ ಮೇಲೆ ಹೋಗಿ ನಿಲ್ಲುತ್ತಾರೆ, ಅಲ್ಲಿ ಕಾರು ತಿರುಗಿಸಲೂ ಜಾಗ ಇಲ್ಲ. ನನ್ನ ಮೆಸೇಜ್ ಇದು, ಬೇಕಾದರೆ ನಿಮ್ಮ ಮನೆಗೆ ತಕ್ಕ ಹಾಗೆ ಬದಲಿಸಿಕೊಳ್ಳಿ:

"ನಾಳೆ ನಿಮಗಾಗಿ ಕಾಯುತ್ತಿರುತ್ತೇವೆ. ಮುಖ್ಯರಸ್ತೆಯಲ್ಲಿ ಹಾಲಿನ ಡೈರಿ ದಾಟಿದ ಮೇಲೆ ಎಡಕ್ಕೆ ಮಣ್ಣುದಾರಿ. ಮ್ಯಾಪ್ ಬಲಕ್ಕೆ ಹೋಗು ಎನ್ನುತ್ತದೆ, ಹೋಗಬೇಡಿ. ಡೈರಿ ಹತ್ತಿರವೇ ಫೋನ್ ಮಾಡಿಬಿಡಿ, ಮುಂದೆ ನೆಟ್‌ವರ್ಕ್ ಸಿಗಲ್ಲ. ನಿನ್ನೆಯಿಂದ ಮಳೆ ಇದೆ, ಛತ್ರಿ ಮತ್ತು ಒಂದು ಜೊತೆ ಹೆಚ್ಚಿನ ಬಟ್ಟೆ ತನ್ನಿ. ರಾತ್ರಿಗೆ ಕಡುಬು, ಕೋಳಿಸಾರು, ಇಬ್ಬರಿಗೆ ಕಳಲೆ ಪಲ್ಯ. ಗೇಟಿನ ಹತ್ತಿರ ನಾಯಿ ಬೊಗಳುತ್ತದೆ, ಕಚ್ಚಲ್ಲ. ಒಂದು ಹಾರ್ನ್ ಹಾಕಿ, ನಾನೇ ಬರುತ್ತೇನೆ."